ಎಂಜಿನ್‌ಎಕ್ಸ್ ಜೊತೆ ಆರು ವರ್ಷ: ಹೆಡರ್ ಹಾಕೋದು ಯಾರ ಕೆಲಸ?

ಮಂಡ್ಯದಲ್ಲಿ ಸಣ್ಣಪುಟ್ಟ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವವನು ನಾನು. ಆರು ವರ್ಷದಿಂದ ಮುಂದೆ ಎಂಜಿನ್‌ಎಕ್ಸ್ (ಬ್ರೌಸರಿನ ಕೋರಿಕೆ ಪಡೆದು ಉತ್ತರ ಕಳಿಸುವ ವೆಬ್ ಸರ್ವರ್), ಹಿಂದೆ ಉತ್ತರ ತಯಾರಿಸುವ ಪಿಎಚ್‌ಪಿ ಸ್ಕ್ರಿಪ್ಟು. 1 ಜಿಬಿಯ ಬಾಡಿಗೆ ಸರ್ವರಿನಲ್ಲಿ ಒಂಬತ್ತು ಸೈಟು ಓಡುತ್ತಿವೆ, ವೇಗದ ಬಗ್ಗೆ ತಕರಾರಿಲ್ಲ. ತಲೆ ತಿಂದದ್ದು ಹೆಡರ್, ಅಂದರೆ ಉತ್ತರದ ಜೊತೆ ಬ್ರೌಸರಿಗೆ ಹೋಗುವ ಸೂಚನೆಯ ಸಾಲು.

ಹೋದ ಸಂಕ್ರಾಂತಿ ಹೊತ್ತಿಗೆ ಆಲೆಮನೆಯವರೊಬ್ಬರ ಫೋನು: "ಸಾ, ಒಬ್ರೇ ಮೂರ್ಮೂರ್ ಸಲ ಅಚ್ಚುಬೆಲ್ಲ ಬುಕ್ ಮಾಡವ್ರೆ. ಎಲ್ರ ಮನೇಲೂ ಮದ್ವೆನಾ?"

ನೋಡಿದರೆ ಆರ್ಡರು ಡೇಟಾಬೇಸಿಗೆ ಸರಿಯಾಗಿಯೇ ಸೇರುತ್ತಿದೆ. ಗ್ರಾಹಕರ ಮೊಬೈಲಲ್ಲಿ ಮಾತ್ರ 'ಆಗಲಿಲ್ಲ, ಮತ್ತೆ ಒತ್ತಿ'. ಬ್ರೌಸರಿಲ್ಲದೆ ಕಮಾಂಡಿನಿಂದಲೇ ಸರ್ವರನ್ನು ಕೇಳುವ ಕರ್ಲ್‌ನಲ್ಲಿ ಕೇಳಿದರೆ 200 (ಎಲ್ಲ ಸರಿ), ಬ್ರೌಸರಿನಲ್ಲಿ ಕೆಂಪಕ್ಷರ. ಅರ್ಧ ದಿನ ಕಳೆದ ಮೇಲೆ ಕಣ್ಣಿಗೆ ಬಿತ್ತು: ಬೇರೆ ಯಾವ ಸೈಟಿನ ಪುಟ ಈ ಉತ್ತರವನ್ನು ಓದಬಹುದು ಎಂದು ಬ್ರೌಸರಿಗೆ ಹೇಳುವ ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್ ಹೆಡರ್ ಎರಡು ಸಲ ಬರುತ್ತಿದೆ. ಒಂದು ಸ್ಕ್ರಿಪ್ಟ್ ಹಾಕಿದ್ದು, ಇನ್ನೊಂದು ಹಿಂದಿನ ವಾರ ನಾನೇ ಎಂಜಿನ್‌ಎಕ್ಸ್‌ನ ಕಾನ್ಫಿಗ್‌ಗೆ (ಸೆಟ್ಟಿಂಗ್ ಫೈಲಿಗೆ) ಸೇರಿಸಿದ್ದು. ಎರಡರಲ್ಲೂ ಒಂದೇ ವಿಳಾಸವಿದ್ದರೂ ಬ್ರೌಸರ್ ಒಪ್ಪುವುದಿಲ್ಲ. ಸಾದಾ ಫಾರ್ಮ್ ಆದ್ದರಿಂದ ಕೋರಿಕೆ ಆಗಲೇ ಸರ್ವರ್ ಮುಟ್ಟಿರುತ್ತದೆ. ಉತ್ತರ ಮಾತ್ರ ಪುಟಕ್ಕೆ ಸಿಗದು. ಕರ್ಲ್‌ಗೆ ಈ ಮಡಿ ಇಲ್ಲ.

ಪಿಎಚ್‌ಪಿಯ ಹೆಡರ್ ಫಂಕ್ಷನ್ ತಾನು ಮೊದಲು ಇಟ್ಟದ್ದನ್ನು ತೆಗೆದು ಹೊಸದನ್ನು ಇಡುತ್ತದೆ. ಎಂಜಿನ್‌ಎಕ್ಸ್‌ನ ಆಡ್-ಹೆಡರ್ ಸ್ಕ್ರಿಪ್ಟ್ ಕಳಿಸಿದ್ದರ ಪಕ್ಕದಲ್ಲಿ ಇನ್ನೊಂದನ್ನು ಕೂರಿಸುತ್ತದೆ. ಹೆಸರಲ್ಲೇ 'ಆಡ್' ಅಂತಿದೆ, ನಾನು 'ಸೆಟ್' ಅಂತ ಓದಿಕೊಂಡಿದ್ದೆ! ಸ್ಕ್ರಿಪ್ಟಿನದು ಬೇಡವಾದರೆ ಫಾಸ್ಟ್‌ಸಿಜಿಐ-ಹೈಡ್-ಹೆಡರ್ ಹಾಕಿ ಮೊದಲು ಅದನ್ನು ಮುಚ್ಚಬೇಕು. ನಾನು ಕಾನ್ಫಿಗ್‌ನದನ್ನೇ ಅಳಿಸಿದೆ. ಯಾವ ಸೈಟಿಗೆ ಅನುಮತಿ ಎಂಬುದು ಗೊತ್ತಿರುವುದು ಸ್ಕ್ರಿಪ್ಟಿಗೆ. ಎಕ್ಸ್-ಫ್ರೇಮ್-ಆಪ್ಷನ್ಸ್‌ನಂಥ (ನಮ್ಮ ಪುಟವನ್ನು ಬೇರೆ ಪುಟದ ಚೌಕಟ್ಟಿನೊಳಗೆ ತೋರಿಸಬಹುದೇ ಎಂದು ಹೇಳುವುದು), ಇಡೀ ಸೈಟಿಗೆ ಒಂದೇ ಆಗಿರುವ ಹೆಡರುಗಳು ಎಂಜಿನ್‌ಎಕ್ಸ್ ಪಾಲಿಗೆ. ಅವನ್ನು ಸ್ಕ್ರಿಪ್ಟಿನಿಂದ ಕಿತ್ತುಹಾಕಿದ್ದೇನೆ.

ಅಲ್ಲೂ ಒಂದು ಗುಂಡಿ. ಕಾನ್ಫಿಗ್‌ನಲ್ಲಿ ಸೈಟಿನ ಒಂದು ಭಾಗಕ್ಕೆಂದು ಬರೆಯುವ ಲೊಕೇಶನ್ ಬ್ಲಾಕಿನೊಳಗೆ ಒಂದೇ ಒಂದು ಆಡ್-ಹೆಡರ್ ಬರೆದರೂ, ಇಡೀ ಸೈಟಿಗೆಂದು ಮೇಲೆ ಬರೆದ ಸರ್ವರ್ ಬ್ಲಾಕಿನವು ಅಷ್ಟೂ ಅಲ್ಲಿಗೆ ಇಳಿದು ಬರುವುದಿಲ್ಲ. ನನ್ನ ಚಿತ್ರಗಳ ಫೋಲ್ಡರು ಎಂಟು ತಿಂಗಳು ಸೆಕ್ಯುರಿಟಿ ಹೆಡರ್ ಇಲ್ಲದೆ ಬರಿಮೈಯಲ್ಲಿತ್ತು. ಈಗ ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ಬೇಕಾದ ಕಡೆಯೆಲ್ಲ ಇನ್‌ಕ್ಲೂಡ್ ಮಾಡುತ್ತೇನೆ.

ಇನ್ನೊಂದು ವೆಬ್ ಸರ್ವರಾದ ಅಪಾಚೆಗೆ ಮರಳೋಣವೆಂದರೆ ಅಲ್ಲೂ 'ಹೆಡರ್ ಸೆಟ್' ಬೇರೆ ಪಟ್ಟಿ, 'ಹೆಡರ್ ಆಲ್ವೇಸ್ ಸೆಟ್' ಬೇರೆ ಪಟ್ಟಿ. ಎರಡರಲ್ಲೂ ಬರೆದರೆ ಮತ್ತದೇ ಜೋಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು, ಕೊನೆಯಲ್ಲಿ 'ಆಲ್ವೇಸ್' ಅಂತ ಬರೆಯದಿದ್ದರೆ 404 (ಪುಟ ಸಿಗಲಿಲ್ಲ), 500 (ಸರ್ವರ್ ದೋಷ) ಥರದ ಉತ್ತರಗಳಿಗೆ ಆಡ್-ಹೆಡರ್ ಕೆಲಸವನ್ನೇ ಮಾಡದಿರುವುದಕ್ಕೆ.