ಮೊದಲ ಸ್ಮ್ಯಾಶ್ ಬ್ರದರ್ಸ್: ಯಾರದೋ ಬಾಲ್ಯ ಉಳಿದಿದ್ದ ಕಾರ್ಟ್ರಿಜ್

ಟೋಕಿಯೋದ ಅಕಿಹಾಬರದಲ್ಲಿ ಹಳೆಯ ವಿಡಿಯೋ ಆಟಗಳ ಅಂಗಡಿಯೊಂದರಲ್ಲಿ 2,400 ಯೆನ್ ಕೊಟ್ಟು ಈ ಕಾರ್ಟ್ರಿಜ್ ತಂದೆ. ಡಬ್ಬಿಯೂ ಇರಲಿಲ್ಲ, ಕೈಪಿಡಿಯೂ ಇರಲಿಲ್ಲ. ಬೂದು ಪ್ಲಾಸ್ಟಿಕ್ಕಿನ ಹಿಂಬದಿಯಲ್ಲಿ ಜಪಾನಿನ ಹಿರಗಾನಾ ಅಕ್ಷರಗಳಲ್ಲಿ ಹೆಸರು ಬರೆದು, ಮಾರುವ ಮುನ್ನ ಉಜ್ಜಿ ತೆಗೆದ ಗುರುತು ಮಾತ್ರ ಇತ್ತು. 1999ರ ಜನವರಿ 21ರಂದು ಜಪಾನಿನಲ್ಲಿ ನಿಂಟೆಂಡೋ 64 ಎಂಬ ಗೇಮ್ ಯಂತ್ರಕ್ಕೆ ಬಿಡುಗಡೆಯಾದ ಹೊಡೆದಾಟದ ಆಟ, ಮೊದಲ ಸ್ಮ್ಯಾಶ್ ಬ್ರದರ್ಸ್ ಇದು. ಇಲ್ಲಿ ಅದರ ಹೆಸರಿಗೆ ‘ದೈರಂತೋ’ ಎಂಬ ಮಾತೂ ಸೇರಿಕೊಂಡಿದೆ. ದೊಡ್ಡ ಗುಂಪುಜಗಳ ಎಂದು ಅರ್ಥ. ಹನ್ನೊಂದು ವರ್ಷದ ಮಗ ಇದರ ಹೊಸ ಆವೃತ್ತಿಯನ್ನು ಆಡಿ ಬೆಳೆದವನು. ಮೂಲ ಹೇಗಿತ್ತೆಂದು ನೋಡುವ ಹಟ ಅವನದು. ತಂದ ಮೇಲೆ ಅವನಿಗಿಂತ ನಾನೇ ಹೆಚ್ಚು ಹಚ್ಚಿಕೊಂಡೆ.

ಆಟ ಶುರುವಾಗುವುದು ಒಂದು ಕೋಣೆಯಲ್ಲಿ. ಬಿಳಿ ಕೈಗವಸು ತೊಟ್ಟ ಒಂದು ಕೈ ಪೆಟ್ಟಿಗೆಯಿಂದ ಗೊಂಬೆಗಳನ್ನು ತೆಗೆದು ಮೇಜಿನ ಮೇಲೆ ಇಡುತ್ತದೆ. ಬೆರಳು ಚಿಟಿಕೆ ಹೊಡೆದೊಡನೆ ಮೇಜು ರಣಾಂಗಣವಾಗುತ್ತದೆ, ಗೊಂಬೆಗಳಿಗೆ ಜೀವ ಬರುತ್ತದೆ. ಮಾರಿಯೋ, ಲಿಂಕ್, ಪಿಕಾಚು, ಡಾಂಕಿ ಕಾಂಗ್ ಬೇರೆ ಬೇರೆ ಆಟಗಳಿಂದ ಬಂದವರು. ಅವರೆಲ್ಲ ಒಂದೆಡೆ ಏಕೆ ಹೊಡೆದಾಡುತ್ತಾರೆ ಎಂಬುದಕ್ಕೆ ಇಲ್ಲಿ ಬೇರೆ ಕಥೆಯಿಲ್ಲ. ಒಂದು ಮಗುವಿನ ಪೆಟ್ಟಿಗೆಯಲ್ಲಿ ಅವರೆಲ್ಲ ಜೊತೆಗಿದ್ದರು, ಅಷ್ಟೇ. ನನಗೆ ಇದಕ್ಕಿಂತ ಸರಿಯಾದ ಕಾರಣ ಬೇಕೆನಿಸಲಿಲ್ಲ.

ಬೇರೆ ಹೊಡೆದಾಟದ ಆಟಗಳಲ್ಲಿ ಎದುರಾಳಿಯ ಪ್ರಾಣದ ಪಟ್ಟಿ ಕರಗುತ್ತಾ ಹೋಗುತ್ತದೆ. ಇಲ್ಲಿ ಅಂಕಿ ಏರುತ್ತದೆ. ಎಲ್ಲರೂ ಶೇಕಡಾ ಸೊನ್ನೆಯಿಂದ ಆರಂಭ. ಪೆಟ್ಟು ಬಿದ್ದಷ್ಟೂ ಅಂಕಿ ಹೆಚ್ಚುತ್ತದೆ, ಅಂಕಿ ಹೆಚ್ಚಿದಷ್ಟೂ ಮುಂದಿನ ಪೆಟ್ಟಿಗೆ ದೂರ ಹಾರುತ್ತಾರೆ. ಪರದೆಯ ಆಚೆಗೆ ಹೋದವನು ಸೋತ. ರ್‍ಯೋಗೊಕುವಿನಲ್ಲಿ ಸುಮೋ ಕುಸ್ತಿ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ: ಎದುರಾಳಿಯನ್ನು ವೃತ್ತದಿಂದ ಆಚೆ ದಬ್ಬಿದರೆ ಸಾಕು. ಆದರೆ ಇಲ್ಲಿ ರಣಾಂಗಣದ ಅಂಚಿನಿಂದ ಬಿದ್ದವನಿಗೂ, ಪರದೆ ದಾಟುವ ಮೊದಲು, ಮರಳುವ ದಾರಿಯಿದೆ. ಗಾಳಿಯಲ್ಲೇ ಇನ್ನೊಮ್ಮೆ ಜಿಗಿದು, ಮೇಲಕ್ಕೆ ಚಿಮ್ಮುವ ವಿಶೇಷ ಪಟ್ಟನ್ನು ಹಾಕಿ, ಅಂಚನ್ನು ಒಂದು ಕೈಯಲ್ಲಿ ಹಿಡಿದು ತೂಗಾಡಬಹುದು. ಶೇಕಡಾ 150 ದಾಟಿದ ಸಾಮಸ್ ಎಂಬ ಪಾತ್ರ ಹಾಗೆ ಅಂಚಿಗೆ ಜೋತುಬಿದ್ದಿರುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಅಮ್ಮ ಶಿರಸಿಯಿಂದ ಮೂರು ತಿಂಗಳಿಗೆಂದು ಟೋಕಿಯೋದ ನಿಶಿಕಸಾಯಿಯ ನಮ್ಮ ಮನೆಗೆ ಬಂದಿದ್ದಾರೆ. ವಯಸ್ಸು ಅರವತ್ತಾರು, ಕೈಯಲ್ಲಿ ಆಟದ ನಿಯಂತ್ರಕ (ಕಂಟ್ರೋಲರ್) ಹಿಡಿದದ್ದೇ ಇರಲಿಲ್ಲ. ಮೊದಲ ದಿನ ಗುಲಾಬಿ ಬಣ್ಣದ ಉಂಡೆಯಂಥ ಕರ್ಬಿಯನ್ನು ತೋರಿಸಿ “ಈ ಕೂಸು ನನಗಿರಲಿ” ಎಂದರು. ಕರ್ಬಿ ಗಾಳಿಯಲ್ಲಿ ಐದು ಬಾರಿ ಜಿಗಿಯಬಲ್ಲದು, ಹಾಗಾಗಿ ಬಿದ್ದರೂ ಮರಳಿ ಬರಲು ಸಮಯ ಸಿಗುತ್ತದೆ. ಎದುರಾಳಿಯನ್ನು ನುಂಗಿ ಅವನ ಟೋಪಿಯನ್ನೂ ವಿದ್ಯೆಯನ್ನೂ ತನ್ನದಾಗಿಸಿಕೊಳ್ಳುತ್ತದೆ. ಅದು ಅಮ್ಮನಿಗೆ ಬಹಳ ಇಷ್ಟವಾಯಿತು. ಉದ್ದುದ್ದ ಗುಂಡಿಗಳ ಸರಣಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಪ್ರತಿಯೊಬ್ಬರಿಗೂ ಮೂರೇ ವಿಶೇಷ ವಿದ್ಯೆಗಳು. ನಿಯಂತ್ರಕದ ನಡುವಿನ ಕಡ್ಡಿ ಮೇಲೆ, ಕೆಳಗೆ, ಅಥವಾ ಸುಮ್ಮನೆ, ಜೊತೆಗೆ ಒಂದು ಗುಂಡಿ. ಕರ್ಬಿಯದನ್ನು ಕಲಿತ ಕೈಗೆ ಉಳಿದ ಹನ್ನೊಂದು ಮಂದಿಯೂ ಅರ್ಧ ಕಲಿತಂತೆಯೇ. ಎರಡನೇ ವಾರ ಅಮ್ಮ ಮೇಲಿನಿಂದ ಬಂಡೆಯಾಗಿ ಬಿದ್ದು ಮೊಮ್ಮಗ ಆಡಿಸುತ್ತಿದ್ದ ಫಾಕ್ಸ್‌ನನ್ನು ಪರದೆಯಾಚೆ ಕಳಿಸಿದರು. “ಅಜ್ಜಿ, ಇನ್ನೊಂದು ಸಲ” ಎಂದು ಅವನು ಊಟದ ತಟ್ಟೆಯನ್ನೇ ಮರೆತ.

ಇದನ್ನು ರೂಪಿಸಿದವರು ಹ್ಯಾಲ್ ಲ್ಯಾಬೊರೇಟರಿ ಎಂಬ ಆಟದ ಕಂಪನಿಯ ಮಸಾಹಿರೋ ಸಕುರಾಯ್. ಆರಂಭದ ಮಾದರಿಗೆ ಪ್ರೋಗ್ರಾಂ ಬರೆದವರು ಸತೋರು ಇವಾತಾ. ಆಗ ಅವರು ಆ ಕಂಪನಿಯ ಅಧ್ಯಕ್ಷರು. ಅಧ್ಯಕ್ಷಗಿರಿಯ ಕೆಲಸ ಮುಗಿಸಿ ವಾರಾಂತ್ಯಗಳಲ್ಲಿ ಕುಳಿತು ಕೋಡ್ ಬರೆದರು. ಆ ಮಾದರಿಯಲ್ಲಿ ಮಾರಿಯೋ ಇರಲಿಲ್ಲ, ಮುಖವಿಲ್ಲದ ಆಕೃತಿಗಳು ಹೊಡೆದಾಡುತ್ತಿದ್ದವು. ಅದಕ್ಕೆ ಇಟ್ಟಿದ್ದ ಹೆಸರು ರ್‍ಯೂಓ. ಡ್ರ್ಯಾಗನ್ ರಾಜ ಎಂಬ ಅರ್ಥ ಬಂದರೂ ಅದು ಯಮನಾಶಿಯಲ್ಲಿ ಅವರ ಕಚೇರಿಯಿದ್ದ ಊರಿನ ಹೆಸರೇ. ಚೂಓ ಮಾರ್ಗದ ರೈಲಿನಲ್ಲಿ ಕೋಫು ದಾಟಿದರೆ ಆ ನಿಲ್ದಾಣ ಬರುತ್ತದೆ. ಮತ್ಸುಮೋತೋಗೆ ಹೋಗುವಾಗ ಅಲ್ಲಿನ ಫಲಕವನ್ನು ನಾನು ಎಷ್ಟೋ ಸಲ ಓದಿದ್ದೇನೆ, ಕಾರಣ ತಿಳಿಯದೆ. ಮಾರಿಯೋ ಮುಂತಾದವರನ್ನು ಸಕುರಾಯ್ ಮೊದಲು ನಿಂಟೆಂಡೋದ ಅನುಮತಿ ಕೇಳದೆಯೇ ಸೇರಿಸಿ, ಆಟ ಚೆನ್ನಾಗಿ ಕೂಡಿಬಂದ ಮೇಲೆ ತೋರಿಸಿ ಒಪ್ಪಿಸಿದರು. ಸಣ್ಣ ಬಜೆಟ್ಟಿನ ಆ ಆಟದ ಪ್ರತಿಗಳು ಜಗತ್ತಿನಾದ್ಯಂತ 50 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಇವಾತಾ 2015ರಲ್ಲಿ ತೀರಿಕೊಂಡರು. ನಾನೂ ಪ್ರೋಗ್ರಾಂ ಬರೆದೇ ಬದುಕುವವಳು. ಅಧ್ಯಕ್ಷನಾದವನು ಶನಿವಾರ ಕುಳಿತು ಪೆಟ್ಟಿನ ಲೆಕ್ಕ ಸರಿಪಡಿಸಿದ್ದನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ಕೊರತೆಗಳನ್ನೂ ಹೇಳಬೇಕು. ಒಬ್ಬರೇ ಆಡುವವರಿಗೆ ಈ ಕಾರ್ಟ್ರಿಜ್ ಬೇಡ. ಹದಿನಾಲ್ಕು ಹಂತಗಳ ಪಯಣ ಪ್ರತಿ ಸಲವೂ ಅದೇ ಕ್ರಮದಲ್ಲಿ ಬರುತ್ತದೆ: ಮೊದಲು ಲಿಂಕ್, ಆಮೇಲೆ ಸಾಲುಗಟ್ಟಿ ಬರುವ ಹದಿನೆಂಟು ಯೋಷಿಗಳು (ಪುಟ್ಟ ಡೈನೋಸಾರ್‌ಗಳು), ಕೊನೆಗೆ ಆ ಬಿಳಿ ಕೈ. (ಆ ಕೈಗೆ ಮಾತ್ರ ಅಂಕಿ 300ರಿಂದ ಇಳಿಯುತ್ತದೆ. ಗೊಂಬೆಯಲ್ಲವಲ್ಲ ಅದು.) ಯಂತ್ರವೇ ಆಡಿಸುವ ಎದುರಾಳಿಗಳು ಕೆಲವೊಮ್ಮೆ ತಾವಾಗಿ ಅಂಚಿನಿಂದ ಕೆಳಗಿಳಿದು ಸಾಯುತ್ತಾರೆ. ಪಳಗಿದ ಕೈಗೆ ಪಿಕಾಚು ಸಿಕ್ಕರೆ ಎದುರಿಗಿದ್ದವರಿಗೆ ಉಸಿರಾಡಲೂ ಬಿಡುವಿಲ್ಲ, ಒಂದು ಪೆಟ್ಟಿನಿಂದ ಬಿಡಿಸಿಕೊಳ್ಳುವ ಮೊದಲೇ ಇನ್ನೊಂದು ಬೀಳುತ್ತದೆ.

ಖರ್ಚು ಕಾರ್ಟ್ರಿಜ್‌ಗೆ ನಿಲ್ಲುವುದಿಲ್ಲ. ಇದು ನಾಲ್ವರು ಕೂತು ಆಡಬೇಕಾದ ಆಟ, ನಾಲ್ಕು ನಿಯಂತ್ರಕಗಳು ಬೇಕೇ ಬೇಕು. ಆನ್‌ಲೈನಿನಲ್ಲಿ ಒಬ್ಬರಿಂದ ‘ಉತ್ತಮ ಸ್ಥಿತಿ’ ಎಂದು ಬರೆದಿದ್ದ ಎರಡನ್ನು ತರಿಸಿದೆ. ಎರಡರಲ್ಲೂ ನಡುವಿನ ಕಡ್ಡಿ ಸಡಿಲ, ಬುಡದಲ್ಲಿ ಸವೆದ ಪ್ಲಾಸ್ಟಿಕ್ಕಿನ ಬಿಳಿ ಪುಡಿ. ಈ ಆಟದಲ್ಲಿ ಅದು ಸಣ್ಣ ದೋಷವಲ್ಲ. ಕಡ್ಡಿಯನ್ನು ಮೆಲ್ಲಗೆ ವಾಲಿಸಿದರೆ ಒಂದು ಹೊಡೆತ, ಥಟ್ಟನೆ ಚಿಮ್ಮಿಸಿದರೆ ಇನ್ನೊಂದು. ಸಡಿಲ ಕಡ್ಡಿಗೆ ಆ ಭೇದ ತಿಳಿಯುವುದಿಲ್ಲ. ಕೊಳ್ಳುವವರು ಕಡ್ಡಿಯನ್ನು ಕೈಯಿಂದ ತಿರುಗಿಸಿ ನೋಡಿಯೇ ಹಣ ಕೊಡಿ. ಹೊಸ ಟಿ.ವಿ.ಗೆ ಜೋಡಿಸಲು ಪರಿವರ್ತಕವೂ ಬೇಕಾಯಿತು. ಅದರಿಂದ ಒಂದಿಷ್ಟು ವಿಳಂಬ ಆಗುತ್ತದೆ, ಆದರೂ ನಮಗೆ ಸಾಗುತ್ತದೆ.

ಆರಂಭದಲ್ಲಿ ಆಡಲು ಸಿಗಬೇಕಾದದ್ದು ಎಂಟೇ ಮಂದಿ. ನಮ್ಮ ಕಾರ್ಟ್ರಿಜ್‌ನಲ್ಲಿ ಮೊದಲ ದಿನವೇ ಹನ್ನೆರಡೂ ಮಂದಿ ನಿಂತಿದ್ದರು. ಎಂಟೂ ಜನರಿಂದ ಗುರಿಫಲಕಗಳನ್ನೆಲ್ಲ ಒಡೆಸಿದವರಿಗೆ ಮಾತ್ರ ಲುಯಿಜಿ ಸಿಗುತ್ತಾನೆ, ಯಾರೋ ಒಡೆಸಿದ್ದರು. ಪಂದ್ಯದ ನಡುವೆ ಯಾವ ವಸ್ತುಗಳು ಬೀಳಬೇಕೆಂದು ಆರಿಸುವ ಪಟ್ಟಿ ತೆರೆದುಕೊಳ್ಳುವುದು ನೂರು ಪಂದ್ಯಗಳ ಮೇಲೆ; ಅದೂ ತೆರೆದಿತ್ತು. ದಾಖಲೆಗಳ ಪುಟದಲ್ಲಿ ನೆಸ್ ಎಂಬ ಹುಡುಗನ ಸಾಲಿನಲ್ಲೇ ಅತಿ ಹೆಚ್ಚು ಅಂಕಗಳು. ಹೆಸರನ್ನು ಉಜ್ಜಿದ ಮಗುವಿಗೆ ನೆಸ್ ಎಂದರೆ ಪ್ರೀತಿ ಇತ್ತೆಂದು ಕಾಣುತ್ತದೆ.

ಎಲ್ಲ ಅಳಿಸಿ ಮೊದಲಿನಿಂದ ಗೆದ್ದುಕೊಳ್ಳೋಣ ಎಂದು ಮಗ ಹೇಳುತ್ತಲೇ ಇದ್ದಾನೆ. ಅಳಿಸುವ ಆಯ್ಕೆ ಆಟದಲ್ಲೇ ಇದೆ. ಅವನ ಮಾತಿನಲ್ಲಿ ನ್ಯಾಯವೂ ಇದೆ. ಒಳಗಿನ ಪುಟ್ಟ ಬ್ಯಾಟರಿ ಸತ್ತ ದಿನ ಈ ನೆನಪು ಹೇಗೂ ಅಳಿಯುತ್ತದೆ. ಕಳೆದ ಭಾನುವಾರ ನಾನು ಆ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ, ಹನ್ನೆರಡೂ ಸಾಲುಗಳು ಕಾಣುವಂತೆ. ಅಮ್ಮ ಶಿರಸಿಗೆ ಹೊರಡುವವರೆಗೆ ಅಳಿಸುವುದು ಬೇಡವೆಂದು ಮಗನನ್ನು ಒಪ್ಪಿಸಿದ್ದೇನೆ. ಈಗ ಕರ್ಬಿಯ ಸಾಲಿನಲ್ಲಿ ಅವರ ಗೆಲುವುಗಳೂ ಸೇರಿವೆ.