ಅಂಗವಿಕಲರ ಹಕ್ಕುಗಳ ತರಬೇತಿ: ಕೌಂಟರಿನಲ್ಲಿ ಕೂರುವವರನ್ನು ಮೊದಲು ಕಳಿಸಿ

ಅಂಗವಿಕಲರ ಹಕ್ಕುಗಳ ಬಗ್ಗೆ ಬೇರೆ ಬೇರೆ ಇಲಾಖೆಯವರಿಗೆ ಒಂದು ಸ್ವಯಂಸೇವಾ ಸಂಸ್ಥೆ ಕಾಸರಗೋಡಿನಲ್ಲಿ ಎರಡು ದಿನದ ತರಬೇತಿ ನಡೆಸುತ್ತಿದೆ. ನಮ್ಮ ಕಚೇರಿಯಿಂದ ನನ್ನನ್ನು ಕಳಿಸಿದ್ದರು. ಹೇಗಿತ್ತು, ಹೋಗಬಹುದಾ ಅಂತ ತುಂಬ ಜನ ಕೇಳುತ್ತಿದ್ದಾರೆ. ಖಂಡಿತ ಹೋಗಿ. ಆದರೆ ಯಾರು ಹೋಗಬೇಕು, ಯಾವ ಭಾಷೆಯಲ್ಲಿ ನಡೆಯಬೇಕು ಅನ್ನುವುದರ ಬಗ್ಗೆ ನನಗೆ ಹೇಳಲಿಕ್ಕಿದೆ.

ನಾನು ಗ್ರಾಮ ಪಂಚಾಯತಿನ ಫ್ರಂಟ್ ಆಫೀಸಿನಲ್ಲಿ ಕೂರುವವಳು. ಪಿಂಚಣಿ ಅರ್ಜಿ, ಮನೆ ನಂಬ್ರ, ಜನನ ಪ್ರಮಾಣಪತ್ರ, ಎಲ್ಲ ನಮ್ಮ ಕಿಟಕಿಗೇ ಬರುತ್ತದೆ. ನಮ್ಮ ಬ್ಯಾಚಿನಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು, ಶಾಲೆಯ ಮಾಸ್ಟ್ರುಗಳು, ಒಬ್ಬರು ವಕೀಲರು, ಬ್ಯಾಂಕಿನವರು, ಆನ್‌ಲೈನ್ ಅರ್ಜಿ ತುಂಬಿಸಿ ಕೊಡುವ ಅಕ್ಷಯ ಕೇಂದ್ರದವರು, ಪಂಚಾಯತಿನ ಓವರ್ಸಿಯರ್ ಎಲ್ಲ ಇದ್ದರು. ಶುಲ್ಕ ಇಲ್ಲ. ಊಟ ಚೆನ್ನಾಗಿತ್ತು. ಸಭಾಂಗಣದಲ್ಲಿ ಫ್ಯಾನ್ ಸದ್ದು ಜಾಸ್ತಿ, ಹಿಂದೆ ಕೂತವರಿಗೆ ಮಾತು ಸರಿಯಾಗಿ ಕೇಳಿಸುವುದಿಲ್ಲ. ಬೇಗ ಹೋಗಿ ಮುಂದೆ ಕೂತುಕೊಳ್ಳಿ.

ಇಂಥ ತರಬೇತಿ ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವುದು ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 47ನೇ ಸೆಕ್ಷನ್ ಇದನ್ನು ಸರ್ಕಾರದ ಕರ್ತವ್ಯ ಅಂತಲೇ ಹೇಳುತ್ತದೆ. ಪಂಚಾಯತ್ ಸದಸ್ಯರು, ಶಾಸಕರು, ಪೊಲೀಸರು, ನ್ಯಾಯಾಧೀಶರು, ವಕೀಲರು ಇವರ ತರಬೇತಿಯಲ್ಲಿ ಅಂಗವಿಕಲರ ಹಕ್ಕಿನ ಪಾಠ ಇರಬೇಕು. ಟೀಚರು, ಡಾಕ್ಟರು, ನರ್ಸು, ಆಶಾ, ಅಂಗನವಾಡಿ, ಇಂಜಿನಿಯರ್, ಆರ್ಕಿಟೆಕ್ಟ್ ಇವರ ಕಲಿಕೆಯಲ್ಲೂ ಇರಬೇಕು. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ 2006ರ ಒಡಂಬಡಿಕೆಯ 4ನೇ ವಿಧಿಯಲ್ಲೂ ಈ ಮಾತಿದೆ, ಅದಕ್ಕೆ ಭಾರತ 2007ರ ಅಕ್ಟೋಬರಿನಲ್ಲೇ ಒಪ್ಪಿಗೆ ಕೊಟ್ಟಿದೆ. ಇಷ್ಟು ವರ್ಷ ಆದ ಮೇಲೆ ನಮ್ಮ ಕಚೇರಿಗೆ ಒಂದು ತರಬೇತಿ ಬಂದಿದೆ, ಅದೂ ಸರ್ಕಾರದಿಂದ ಅಲ್ಲ.

ಮೊದಲ ದಿನ ಬೆಳಿಗ್ಗೆಯ ಪಾಠ ಅಷ್ಟು ಹಿಡಿಸಲಿಲ್ಲ. ಪರದೆಯ ಮೇಲೆ ಸೆಕ್ಷನ್ ಮೇಲೆ ಸೆಕ್ಷನ್. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಈಗ 21. ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5. ಎಲ್ಲ ಬೇಕಾದ ವಿಷಯವೇ, ಆದರೆ ಓದಿ ಹೇಳಿದ್ದು ಎಷ್ಟು ತಲೆಯಲ್ಲಿ ನಿಲ್ಲುತ್ತದೆ? ಆಶಾ ಕಾರ್ಯಕರ್ತೆಗೆ ಯಾವುದು ಬೇಕು, ಓವರ್ಸಿಯರಿಗೆ ಯಾವುದು ಬೇಕು ಅಂತ ಬೇರೆ ಮಾಡಿ ಒಂದೊಂದು ಪುಟ ಕೊಟ್ಟಿದ್ದರೆ ಸಾಕಿತ್ತು. ನನ್ನ ಪಕ್ಕದಲ್ಲಿದ್ದ ಅಂಗನವಾಡಿ ಟೀಚರ್ ಆ ಹೊತ್ತಿನಲ್ಲಿ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "23ನೇ ಸೆಕ್ಷನ್, ಪ್ರತಿ ಸರ್ಕಾರಿ ಕಚೇರಿಯಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು." ಅದನ್ನು ಎರಡು ಸಲ ಗೆರೆ ಎಳೆದು ಇಟ್ಟುಕೊಂಡರು.

ಮಧ್ಯಾಹ್ನದಿಂದ ತರಬೇತಿಯ ಬಣ್ಣವೇ ಬದಲಾಯಿತು. ಕಲಿಸುವವರು ಅಂಗವಿಕಲರೇ. ಕಣ್ಣು ಕಾಣದ ಒಬ್ಬರು, ಕಿವಿ ಕೇಳದ ಒಬ್ಬ ಮಹಿಳೆ, ವೀಲ್‌ಚೇರಿನಲ್ಲಿ ಬಂದ ಒಬ್ಬ ಯುವಕ. ಎದುರಿಗೆ ಒಂದು ಮೇಜು ಹಾಕಿ, ನಿಮ್ಮ ನಿಮ್ಮ ಕೆಲಸವನ್ನು ಇಲ್ಲೇ ಮಾಡಿ ತೋರಿಸಿ ಅಂದರು.

ಅಕ್ಷಯ ಕೇಂದ್ರದ ಹುಡುಗ ಮೇಜಿನ ಆ ಕಡೆ ಕೂತ. ಕಣ್ಣು ಕಾಣದ ತರಬೇತುದಾರರು ತಮ್ಮನ ಜೊತೆ ಬಂದವರ ಹಾಗೆ ಬಂದು ನಿಂತರು. ಹುಡುಗ ತಮ್ಮನ ಪಾತ್ರ ಮಾಡಿದವರ ಕಡೆ ನೋಡಿ ಕೇಳಿದ, "ಇವರ ಹೆಸರೇನು? ಆಧಾರ್ ತಂದಿದ್ದಾರಾ?"

"ಪಿಂಚಣಿ ಯಾರಿಗೆ ಬರುವುದು?"

"ನಿಮಗೆ ಸಾರ್."

"ಹಾಗಾದ್ರೆ ನನ್ನನ್ನೇ ಕೇಳಿ, ಅಲ್ವಾ?"

ಅವರು ಸಿಟ್ಟಿನಿಂದ ಹೇಳಲಿಲ್ಲ. ಹುಡುಗ ಸರಿ ಅಂತ ಮೊದಲಿನಿಂದ ಶುರು ಮಾಡಿದ. ಅರ್ಜಿ ತುಂಬಿ ಆಯಿತು, ಸಹಿಯ ಜಾಗ ಬಂತು. ಹುಡುಗ ಅಭ್ಯಾಸದಂತೆ ಶಾಯಿಯ ಪ್ಯಾಡ್ ಮುಂದೆ ಇಟ್ಟ. ಅವರು ಪ್ಯಾಡನ್ನು ಹಿಂದೆ ಸರಿಸಿ ಜೇಬಿನಿಂದ ಒಂದು ಹಳೆಯ ಎಟಿಎಂ ಕಾರ್ಡ್ ತೆಗೆದರು. "ಸಹಿಯ ಗೆರೆ ಎಲ್ಲಿದೆ, ಈ ಕಾರ್ಡಿನ ಅಂಚನ್ನು ಅದಕ್ಕೆ ಸರಿಯಾಗಿ ಇಡಿ" ಅಂದರು. ಕಾರ್ಡನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಅಂಚಿಗೆ ಪೆನ್ನು ತಾಗಿಸಿಕೊಂಡು, ನೆಟ್ಟಗೆ ಸಹಿ ಹಾಕಿದರು. ಸಹಿ ನನ್ನದಕ್ಕಿಂತ ಚಂದ ಇತ್ತು. ಓದು ಬಂದವರಿಗೂ ಕಣ್ಣು ಕಾಣುವುದಿಲ್ಲ ಅಂತ ಹೆಬ್ಬೆಟ್ಟು ಒತ್ತಿಸುವುದು ನಮ್ಮ ಸುತ್ತಮುತ್ತ ಮಾಮೂಲು. ಬ್ಯಾಂಕಿನವರಿಗೆ ಅವರು ಇನ್ನೂ ಸ್ವಲ್ಪ ಹೇಳಿದರು. ಕಣ್ಣು ಕಾಣದವರಿಗೆ ಚೆಕ್ ಬುಕ್, ಎಟಿಎಂ, ಲಾಕರ್ ಯಾವುದನ್ನೂ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ಮೊಬೈಲಿನಲ್ಲಿ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಮಾಡುವಾಗ ಕಣ್ಣು ಮಿಟುಕಿಸಿ ಅಂತ ಕೇಳಿದರೆ ಮಿಟುಕಿಸಲು ಆಗದವರು ಏನು ಮಾಡಬೇಕು ಅಂತ ಆಸಿಡ್ ದಾಳಿಗೆ ತುತ್ತಾದವರು, ಕಣ್ಣು ಕಾಣದವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು, ಎಲ್ಲರಿಗೂ ಆಗುವ ದಾರಿ ಮಾಡಿ ಅಂತ.

ಕಿವಿ ಕೇಳದ ತರಬೇತುದಾರರ ಜೊತೆ ಸಂಜ್ಞೆ ಭಾಷೆಯ ದುಭಾಷಿ ಇದ್ದರು. ನಾವೆಲ್ಲ ಮಾತಾಡುವಾಗ ದುಭಾಷಿಯ ಮುಖವನ್ನೇ ನೋಡುತ್ತಿದ್ದೆವು. ನನ್ನನ್ನು ನೋಡಿ ಮಾತಾಡಿ ಅಂತ ಅವರು ಕೈ ತೋರಿಸಿದರು. ಆಮೇಲೆ ಕಿಟಕಿಗೆ ಬೆನ್ನು ಹಾಕಿ ಕೂತ ಒಬ್ಬರನ್ನು ಎಬ್ಬಿಸಿ ಎದುರು ಕೂರಿಸಿದರು. ಬೆಳಕು ಹಿಂದಿನಿಂದ ಬಂದರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಓದಲು ಆಗುವುದಿಲ್ಲ. ನಮ್ಮ ಫ್ರಂಟ್ ಆಫೀಸಿನ ಮೇಜು ಸರಿಯಾಗಿ ಹಾಗೆಯೇ ಇತ್ತು. ಈಗ ತಿರುಗಿಸಿ ಹಾಕಿದ್ದೇವೆ. ಒಂದು ಪೈಸೆ ಖರ್ಚಾಗಿಲ್ಲ.

ಈ ತರಬೇತಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಬಗ್ಗೆ ನಡೆದ ಮಾತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಜಾಸ್ತಿ ಕಾಲ ಆ ವಿಷ ಸಿಂಪಡಿಸಿದರು, 2000ದಲ್ಲಿ ನಿಂತಿತು. ಅದರಿಂದ ಕಾಯಿಲೆ, ವೈಕಲ್ಯ ಅನುಭವಿಸಿದ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಕಡೆಯ ಮನೆಗಳ ಕಥೆ ಇಲ್ಲಿ ಯಾರಿಗೂ ಹೊಸದಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ರಾಜ್ಯ ಸರ್ಕಾರಕ್ಕೆ ಹೇಳಿತು. ಆ ಹೋರಾಟ ನ್ಯಾಯದ ಹೋರಾಟ, ಇನ್ನೂ ಮುಗಿದಿಲ್ಲ. ಆದರೆ ಇದರಿಂದ ನಮ್ಮ ಕಚೇರಿಗಳಲ್ಲಿ ಒಂದು ಅಭ್ಯಾಸ ಬೆಳೆದಿದೆ. ಅಂಗವಿಕಲ ಮಗುವಿನ ತಾಯಿ ಕಿಟಕಿಗೆ ಬಂದರೆ ಮೊದಲ ಪ್ರಶ್ನೆ, "ಲಿಸ್ಟಿನಲ್ಲಿ ಇದ್ದಾರಾ?" ಲಿಸ್ಟ್ ಅಂದರೆ ಸರ್ಕಾರದ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿ.

ವೀಲ್‌ಚೇರಿನ ಯುವಕ ಇದನ್ನೇ ಹಿಡಿದು ಮಾತಾಡಿದರು. ಅವರು ಲಿಸ್ಟಿನಲ್ಲಿ ಇಲ್ಲ. ಅವರಿಗೆ ಬೈಕ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದದ್ದು. ಲಿಸ್ಟ್ ಪರಿಹಾರಕ್ಕೆ, ಪಿಂಚಣಿಗೆ, ಚಿಕಿತ್ಸೆಗೆ. ಶಾಲೆಗೆ ಸೇರುವ ಹಕ್ಕು, ಕಚೇರಿಯ ಒಳಗೆ ಬರುವ ಹಕ್ಕು, ಗ್ರಾಮ ಸಭೆಯಲ್ಲಿ ಮಾತಾಡುವ ಹಕ್ಕು, ಸಮಾನವಾಗಿ ನಡೆಸಿಕೊಳ್ಳುವ ಹಕ್ಕು, ಇದಕ್ಕೆ ಯಾವ ಲಿಸ್ಟೂ ಬೇಡ. ವೈಕಲ್ಯ ಯಾವ ಕಾರಣದಿಂದ ಬಂತು ಅಂತ 2016ರ ಕಾಯ್ದೆ ಕೇಳುವುದಿಲ್ಲ. ಲಿಸ್ಟಿನಲ್ಲಿ ಇರುವವರಿಗೂ ಬರೇ ಹಣ ಕೊಟ್ಟರೆ ಮುಗಿಯಿತಾ ಅಂತ ಅವರು ಕೇಳಿದರು. ಸಭಾಂಗಣದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮೊದಲ ಪ್ರಶ್ನೆ "ನಿಮಗೆ ಏನು ಬೇಕಿತ್ತು?" ಅಂತ ಆಗಲಿ, ಲಿಸ್ಟ್ ಆಮೇಲೆ ನೋಡಿ ಅಂದರು. ನಾನು ಈಗ ಹಾಗೆಯೇ ಕೇಳುತ್ತೇನೆ. ಜನ ಹೇಳುವುದೇ ಬೇರೆಯಾಗುತ್ತದೆ. ಒಬ್ಬರು ತಾಯಿ ಪಿಂಚಣಿಗೆ ಬಂದವರು ಅಂತ ನಾನು ತಿಳಿದಿದ್ದೆ, ಅವರಿಗೆ ಬೇಕಾದದ್ದು ಮಗಳನ್ನು ಬಡ್ಸ್ ಶಾಲೆಯ (ಬೌದ್ಧಿಕ ವೈಕಲ್ಯ ಇರುವ ಮಕ್ಕಳ ಶಾಲೆ) ಗಾಡಿ ನಿಲ್ಲುವ ಜಾಗದ ತನಕ ಕರೆತರಲು ಒಂದು ಕಾಲುದಾರಿ.

ದಾರಿಯ ವಿಷಯ ಬಂದಾಗ ಓವರ್ಸಿಯರಿಗೆ ಚೆನ್ನಾಗಿ ಕೆಲಸ ಬಿತ್ತು. ನಮ್ಮ ಕಡೆ ಮನೆಗಳು ಗುಡ್ಡದ ಬುಡದಲ್ಲಿ, ಅಡಿಕೆ ತೋಟದ ಆಚೆ. ರಸ್ತೆ ಗುಡ್ಡದ ಮೇಲೆಯೇ ಮುಗಿಯುತ್ತದೆ. ಅಲ್ಲಿಂದ ಮುರಕಲ್ಲಿನ ಮೆಟ್ಟಿಲು. ಮಳೆಗಾಲದಲ್ಲಿ ಪಾಚಿ ಹಿಡಿದು ಕಾಲಿದ್ದವರೇ ಜಾರುತ್ತಾರೆ. ಕ್ಯಾಂಪಿಗೆ ಬನ್ನಿ ಅಂತ ನೋಟೀಸ್ ಹಾಕುತ್ತೀರಿ, ಮನೆಯಿಂದ ರಸ್ತೆಗೆ ಬರುವುದು ಹೇಗೆ ಅಂತ ಆ ಯುವಕ ಕೇಳಿದ್ದು ಇಡೀ ತರಬೇತಿಯ ಒಳ್ಳೆಯ ಪ್ರಶ್ನೆ. ಮರುದಿನ ಟೇಪ್ ಹಿಡಿದು ಸಭಾಂಗಣದ ರ‍್ಯಾಂಪನ್ನೇ ಅಳೆಸಿದರು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಮೂರು ಮೆಟ್ಟಿಲು ಅಂದರೆ ಒಂದೂವರೆ ಅಡಿ ಎತ್ತರ, ಹದಿನೆಂಟು ಅಡಿ ರ‍್ಯಾಂಪ್. ಅಲ್ಲಿ ಇದ್ದದ್ದು ಅದರ ಅರ್ಧವೂ ಇಲ್ಲ, ಮೇಲಿಂದ ನುಣುಪು ಟೈಲ್ಸ್ ಬೇರೆ. ಇಬ್ಬರು ಹಿಂದಿನಿಂದ ತಳ್ಳದೆ ಅವರು ಒಳಗೆ ಬರಲು ಆಗಿರಲಿಲ್ಲ. ರ‍್ಯಾಂಪ್ ಇದೆ ಅಂತ ಕಾಗದದಲ್ಲಿ ಟಿಕ್ ಹಾಕಿದ ಕಟ್ಟಡ ಅದು! ಇಂಥ ಅಳತೆಗಳನ್ನು ಸುಮ್ನೆ ಸಲಹೆ ಅಂತ ಬಿಡಬಾರದು, ಕಡ್ಡಾಯ ಮಾಡಿ ಅಂತ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಭಾಷೆ. ಇಲ್ಲಿ ನನಗೆ ನಿಜವಾಗಿ ಬೇಸರ ಆಯಿತು. ಕೊಟ್ಟ ಪುಸ್ತಕ ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಪಾಠವೂ ಹೆಚ್ಚಿನದು ಮಲಯಾಳಂ. ನನಗೆ ಅರ್ಥ ಆಗುತ್ತದೆ, ಆದರೆ ಕನ್ನಡ ಶಾಲೆಯಲ್ಲಿ ಕಲಿತು, ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡಿ, ಕನ್ನಡದಲ್ಲೇ ರಿಜಿಸ್ಟರ್ ಬರೆಯುವ ಅಂಗನವಾಡಿ ಟೀಚರಿಗೆ ಕಾನೂನಿನ ಮಲಯಾಳಂ ತಲೆಗೆ ಹೋಗುವುದು ಹೇಗೆ? ಅವರು ನಾಳೆ ಇದನ್ನು ಕನ್ನಡ ಮಾತಾಡುವ ತಾಯಂದಿರಿಗೆ ಹೇಳಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲಿ ಸರ್ಕಾರದ ಜೊತೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಅಂಗವಿಕಲರ ಕಾಯ್ದೆಯಲ್ಲೂ ಸಂವಹನ ಅಂದರೆ ಬ್ರೈಲ್, ಸಂಜ್ಞೆ, ದೊಡ್ಡ ಅಕ್ಷರ, ಸರಳ ಭಾಷೆ ಎಲ್ಲ ಸೇರಿದೆ. ಕಾಸರಗೋಡಿನಲ್ಲಿ ಕನ್ನಡದ ಅಂಗವಿಕಲ ಮಗುವಿಗೆ ಎರಡು ಗೋಡೆ ಅಡ್ಡ ಇದೆ, ತರಬೇತಿ ಒಂದನ್ನು ಮಾತ್ರ ನೋಡಿದೆ. ಎರಡನೇ ದಿನ ಮಂಜೇಶ್ವರ ಕಡೆಯ ಒಬ್ಬ ಸ್ವಯಂಸೇವಕಿ ಕೆಲವು ಭಾಗ ಕನ್ನಡದಲ್ಲಿ ಹೇಳಿದರು. ಅಷ್ಟು ಹೊತ್ತು ಸುಮ್ಮನಿದ್ದ ಹಿಂದಿನ ಸಾಲಿನಿಂದ ಪ್ರಶ್ನೆಗಳು ಬರಲು ಶುರುವಾದವು.

ಅವರಲ್ಲಿ ಹೆಚ್ಚಿನವರು ಕೇಳಿದ್ದು ಪಾಲಕತ್ವದ ಬಗ್ಗೆ. ಮಗನಿಗೆ ಹದಿನೆಂಟು ದಾಟಿತು, ಬುದ್ಧಿ ಬೆಳವಣಿಗೆ ಕಡಿಮೆ, ಖಾತೆ ತೆರೆಯಲು ಹೋದರೆ ಗಾರ್ಡಿಯನ್ ಕಾಗದ ಬೇಕಂತೆ, ಅದು ಎಲ್ಲಿ ಸಿಗುತ್ತದೆ? ವಕೀಲರು ಒಳ್ಳೆಯದಾಗಿ ಬಿಡಿಸಿ ಹೇಳಿದರು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ, ಕೋರ್ಟಿಗೆ ಅಲೆಯಬೇಕಿಲ್ಲ. ಇದೇ ಗುಂಪಿನವರಿಗೆ ನಿರಾಮಯ ಅಂತ 1 ಲಕ್ಷ ರೂಪಾಯಿ ತನಕದ ಆರೋಗ್ಯ ವಿಮೆಯೂ ಇದೆ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ನಡೆಯಲು ಆಗದವರಿಗೆ ಮಾತ್ರ ಯಾರೂ ಗಾರ್ಡಿಯನ್ ಕೇಳುವ ಹಾಗಿಲ್ಲ. ಇಷ್ಟು ಗೊತ್ತಿದ್ದರೆ ಎಷ್ಟು ಮನೆಯವರ ಅಲೆದಾಟ ತಪ್ಪುತ್ತಿತ್ತು.

ಕೊರತೆ ಇನ್ನೂ ಇವೆ. ಬೌದ್ಧಿಕ ವೈಕಲ್ಯ ಇರುವವರು ಯಾರೂ ಕಲಿಸುವವರ ಸಾಲಿನಲ್ಲಿ ಇರಲಿಲ್ಲ, ಹಗಲು ರಾತ್ರಿ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರಿಗೂ ಮಾತಾಡಲು ಸಮಯ ಇಡಲಿಲ್ಲ. ಮನಸ್ಸಿನ ಕಾಯಿಲೆ ಬಗ್ಗೆ ಮಾತು ಬರಲೇ ಇಲ್ಲ, ಅದೂ 21ರಲ್ಲಿ ಒಂದು. ದೊಡ್ಡ ಅಧಿಕಾರಿಗಳು ಉದ್ಘಾಟನೆಗೆ ಬಂದು, ದೀಪ ಹಚ್ಚಿ, ಚಹಾ ಕುಡಿದು ಹೋದರು. ಅವರೂ ಮಧ್ಯಾಹ್ನ ಮೇಜಿನ ಆ ಕಡೆ ಕೂರಬೇಕಿತ್ತು. ಕೊನೆಗೆ ಪ್ರಮಾಣಪತ್ರ ಹಂಚಲು ಹಾಕಿದ ಸಮಯದಲ್ಲಿ ಇನ್ನೊಂದು ಅಭ್ಯಾಸ ಮಾಡಿಸಬಹುದಿತ್ತು. ಆರು ತಿಂಗಳ ನಂತರ ಕಚೇರಿಗೆ ಬಂದು ಏನು ಬದಲಾಗಿದೆ ಅಂತ ನೋಡುವ ಏರ್ಪಾಡೂ ಇಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಕನ್ನಡಕ್ಕೆ. ಕಚೇರಿಯಿಂದ ಒಬ್ಬರನ್ನೇ ಕಳಿಸುವುದಾದರೆ ದಿನಾ ಜನರ ಮುಖ ನೋಡುವ ಕೌಂಟರಿನವರನ್ನು ಕಳಿಸಿ, ಸಾಧ್ಯವಾದರೆ ಜೊತೆಗೆ ಓವರ್ಸಿಯರ್. ಸೆಕ್ಷನ್‌ಗಳ ಪಾಠ ತಪ್ಪಿದರೂ ಮಧ್ಯಾಹ್ನದ ಅಭ್ಯಾಸ ತಪ್ಪಿಸಬೇಡಿ. ಕನ್ನಡ ಬ್ಯಾಚ್ ಬೇಕು ಅಂತ ನಾವು ಕೆಲವರು ಸಹಿ ಹಾಕಿ ಸಂಸ್ಥೆಯವರಿಗೆ ಕೊಟ್ಟಿದ್ದೇವೆ. ಇಪ್ಪತ್ತೈದು ಜನ ಆದರೆ ಮಾಡುತ್ತೇವೆ ಅಂದಿದ್ದಾರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಟೀಚರುಗಳು, ಆಶಾದವರು, ಪಂಚಾಯತಿನವರು ನೋಂದಾಯಿಸುವಾಗ ಭಾಷೆಯ ಕಾಲಂನಲ್ಲಿ ಕನ್ನಡ ಅಂತಲೇ ಬರೆಯಿರಿ. ದುಭಾಷಿ, ವೀಲ್‌ಚೇರ್, ದೊಡ್ಡ ಅಕ್ಷರದ ಪುಸ್ತಕ ಏನಾದರೂ ಬೇಕಿದ್ದರೆ ಅದನ್ನೂ ಅದೇ ಫಾರ್ಮಿನಲ್ಲಿ ಮೊದಲೇ ತಿಳಿಸಿ, ಅವರು ವ್ಯವಸ್ಥೆ ಮಾಡುತ್ತಾರೆ.