ನಾಲ್ಕು ಬಾಗಿಲಿನ ‘ಇಂಗ್ಲೆಂಡ್ ಹೆರಾಲ್ಡ್’ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಹಳೇ ಕಾರು ಹುಡುಕುತ್ತಿರುವವರು ದಯವಿಟ್ಟು ಗಮನಿಸಿ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್, 1969ರ ಮಾಡೆಲ್ ಅಂತ ಒಂದು ಬಿಳಿ ಕಾರು ಮಾರಾಟಕ್ಕಿದೆ. ಅದಕ್ಕೆ ನಾನು ಕೊಟ್ಟ 50,000 ರೂಪಾಯಿ ಅಡ್ವಾನ್ಸ್ ಇವತ್ತಿಗೂ ವಾಪಸ್ ಬಂದಿಲ್ಲ.

ಕಾಗದಪತ್ರ ಸರಿ ಇಲ್ಲದಿದ್ದರೆ ಹಣ ವಾಪಸ್ ಅಂತ ಬ್ರೋಕರ್ ಮಾತು ಕೊಟ್ಟಿದ್ದ. ಆರ್‌ಸಿ ಕೇಳಿದಾಗಲೆಲ್ಲ “ಓನರ್ ಹತ್ರ ಇದೆ ಸಾರ್, ನಾಳೆ ತರ್ತೀನಿ” ಅನ್ನುತ್ತಿದ್ದ. ಅಷ್ಟರಲ್ಲಿ ಹಳೇ ಕಾರಿನ ಹುಚ್ಚಿರುವ ಗೆಳೆಯರನ್ನು ಕರೆದುಕೊಂಡು ಹೋದೆ. ಶುರುವಾಯಿತು ವಾದ. ಒಬ್ಬ ದೀಪದ ಗಾಜಿನ ಮೇಲಿದ್ದ ‘ಲೂಕಾಸ್, ಮೇಡ್ ಇನ್ ಇಂಗ್ಲೆಂಡ್’ ತೋರಿಸಿದ. ಅಂಥ ದೀಪ ಜೆ.ಸಿ. ರಸ್ತೆಯಲ್ಲಿ ಹುಡುಕಿದರೂ ಸಿಗಬಹುದು, ಅಲ್ವಾ? ಟ್ರಯಂಫ್ ಬ್ಯಾಡ್ಜನ್ನೂ ಯಾರು ಬೇಕಾದರೂ ಕೂರಿಸಬಹುದು. ಸ್ಟೀರಿಂಗ್ ಬಲಗಡೆ ಇದೆ ಅನ್ನುವುದರಿಂದಲೂ ಏನೂ ತಿಳಿಯುವುದಿಲ್ಲ. ಅಲ್ಲೂ ಬಲ, ಇಲ್ಲೂ ಬಲ.

ಗುಟ್ಟು ಇದ್ದದ್ದು ಬಾಗಿಲಲ್ಲಿ. 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಸಲೂನ್ (ಗಟ್ಟಿ ಚಾವಣಿಯ ಮಾಮೂಲಿ ಕಾರು) ಇಂಗ್ಲೆಂಡಿನಲ್ಲಿ ಕೊನೆಯವರೆಗೂ ಎರಡೇ ಬಾಗಿಲಿನದು. ಈ ಕಾರಿಗೆ ನಾಲ್ಕು! ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದ್ದು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್, ಅದೂ 1960ರ ದಶಕದ ಕೊನೆಯಲ್ಲಿ. ಬಾನೆಟ್ ಎತ್ತಿದರೆ 948 ಸಿಸಿ ಎಂಜಿನ್. 1969ರ ಹೊತ್ತಿಗೆ ಅಲ್ಲಿನ ಹೆರಾಲ್ಡ್‌ಗಳಲ್ಲಿ 1147, 1296 ಸಿಸಿ ಎಂಜಿನ್ ಬಂದಿದ್ದವು. ಮದ್ರಾಸಿನವರು ಮಾತ್ರ 948 ಬಿಡಲಿಲ್ಲ. ಕಾರಿನ ಗುರುತಿನ ನಂಬರ್ ಇರುವ ಚಾಸಿ ಪ್ಲೇಟಿಗೆ ಫಳಫಳ ಹೊಳೆಯುವ ಹೊಸ ರಿವೆಟ್. ಅದರ ಪಕ್ಕದಲ್ಲೇ ಹಳೇ ಪ್ಲೇಟ್ ಕಿತ್ತ ಗುರುತು.

ಕೊನೆಗೂ ಆರ್‌ಸಿ ಜೆರಾಕ್ಸ್ ಸಿಕ್ಕಿತು. ತಯಾರಕರ ಹೆಸರು ಸ್ಟ್ಯಾಂಡರ್ಡ್ ಅಂತಲೇ ಇದೆ. ಅವತ್ತಿನಿಂದ ಬ್ರೋಕರ್ ಫೋನ್ ಎತ್ತುತ್ತಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ.

ಹಣಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಆ ಕಿತ್ತ ಪ್ಲೇಟ್. ನಮ್ಮ ದೇಶದಲ್ಲಿ ಮಾತ್ರ ಹುಟ್ಟಿದ ಕಾರು ಅದು, ಉಳಿದಿರುವವೂ ಕಡಿಮೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತಲೇ ಮಾರಿದ್ದರೆ ಖುಷಿಯಿಂದ ಮನೆಗೆ ತರುತ್ತಿದ್ದೆ. ವಿದೇಶಿ ಹೆಸರಿಗೆ ಬೆಲೆ ಜಾಸ್ತಿ ಅಂತ ಅದರ ಗುರುತನ್ನೇ ಅಳಿಸಿದ್ದಾರೆ.

ಈಗ ಅದೇ ಫೋಟೋಗಳು ಇನ್ನೊಂದು ಜಾಹೀರಾತಿನಲ್ಲಿ ಓಡಾಡುತ್ತಿವೆ. ನಿಮಗೆ ಕಂಡರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಆರ್‌ಸಿ ಕೇಳಿ, ಇಂಪೋರ್ಟೆಡ್ ಅಂದರೆ ಕಸ್ಟಮ್ಸ್ ಕಾಗದ ಕೇಳಿ. ಚಾಸಿ ನಂಬರನ್ನು ನೀವೇ ಕಣ್ಣಾರೆ ನೋಡಿ ಆರ್‌ಸಿ ಜೊತೆ ಹೋಲಿಸಿ. ಇದೇ ಬ್ರೋಕರ್ ಕೈಯಲ್ಲಿ ಹಣ ಸಿಕ್ಕಿಹಾಕಿಕೊಂಡವರು ಬೇರೆ ಯಾರಾದರೂ ಇದ್ದರೆ ನನಗೆ ತಿಳಿಸಿ, ದೂರನ್ನು ಒಟ್ಟಿಗೆ ಮುಂದುವರಿಸೋಣ.